ನೆಲದ ರೋಹಿತ ಓದಿದ ವಿಮಾನಗಳು

ಇಮೇಜಿಂಗ್ ಸ್ಪೆಕ್ಟ್ರೋಮೀಟರ್ ಎಂಬುದು ಕ್ಯಾಮೆರಾ ಮತ್ತು ರೋಹಿತಮಾಪಕ ಎರಡೂ ಒಂದಾಗಿರುವ ಉಪಕರಣ. ಸಾಮಾನ್ಯ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡಿ ಅಳೆದು ಸುಮ್ಮನಾಗುತ್ತದೆ. ಇಮೇಜಿಂಗ್ ಸ್ಪೆಕ್ಟ್ರೋಮೀಟರ್ ಚಿತ್ರದ ಒಂದೊಂದು ಚುಕ್ಕಿಯಿಂದ ಬಂದ ಬೆಳಕನ್ನೂ ನೂರಿನ್ನೂರು, ಕೆಲವೊಮ್ಮೆ ನಾನೂರಕ್ಕೂ ಹೆಚ್ಚು ಸಣ್ಣ ಪಟ್ಟಿಗಳಾಗಿ ಬಿಡಿಸುತ್ತದೆ; ಕಣ್ಣಿಗೆ ಕಾಣುವ ನೀಲಿಯಿಂದ ಹಿಡಿದು ಕಾಣದ ಅವಕೆಂಪಿನವರೆಗೆ ಪ್ರತಿ ಪಟ್ಟಿಯಲ್ಲಿ ಎಷ್ಟು ಬೆಳಕಿದೆ ಎಂದು ಬರೆದಿಡುತ್ತದೆ. ಹೀಗೆ ಸಿಗುವ ಏರಿಳಿತದ ಗೆರೆಯೇ ಆ ಚುಕ್ಕಿಯ ರೋಹಿತ. ಕಲ್ಲು, ಎಲೆ, ಹಿಮ, ಎಣ್ಣೆ, ಚಾವಣಿಯ ತಗಡು ಇವುಗಳಲ್ಲಿ ಒಂದರ ರೋಹಿತ ಇನ್ನೊಂದರಂತಿಲ್ಲ. 1980ರ ದಶಕದ ಆರಂಭದಲ್ಲಿ ಇಂಥ ಉಪಕರಣಗಳು ಮೊದಲ ಬಾರಿಗೆ ವಿಮಾನ ಏರಿದವು. ಅವು ಹುಟ್ಟಿದ್ದು ಬಹುಮಟ್ಟಿಗೆ ಅದಿರು ಹುಡುಕುವವರ ಒತ್ತಾಯದಿಂದ; ಹೆಸರು ಮಾಡಿದ್ದು ಪರಿಸರದ ಕೆಲಸದಲ್ಲಿ. ಉಪಗ್ರಹಕ್ಕೆ ಮುಂಚಿನ ತಾಲೀಮು ಎಂದು ಶುರುವಾದ ಹಾರಾಟಗಳು, ಉಪಗ್ರಹ ಬರುವುದು ತಡವಾಗುತ್ತ ಹೋದಂತೆ ತಾವೇ ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆದವು.

ರೋಹಿತ ನೋಡಿ ವಸ್ತು ಗುರುತಿಸುವ ವಿದ್ಯೆ ಹಳೆಯದು. 1800ರಲ್ಲಿ ವಿಲಿಯಂ ಹರ್ಷಲ್ ಕೆಂಪಿನ ಆಚೆಯೂ ಕಾಣದ ಕಿರಣಗಳಿವೆ ಎಂದು ಉಷ್ಣಮಾಪಕ ಇಟ್ಟು ತೋರಿಸಿದ. 1814ರಲ್ಲಿ ಫ್ರಾನ್‌ಹೋಫರ್ ಸೂರ್ಯನ ರೋಹಿತದಲ್ಲಿನ ಕಪ್ಪು ಗೆರೆಗಳನ್ನು ಒಂದೊಂದಾಗಿ ಗುರುತು ಹಾಕಿಟ್ಟ. 1859ರ ಹೊತ್ತಿಗೆ ಕಿರ್ಕಾಫ್ ಮತ್ತು ಬುನ್ಸೆನ್ ಆ ಗೆರೆಗಳಿಗೂ ಧಾತುಗಳಿಗೂ ಇರುವ ನಂಟನ್ನು ಬಿಡಿಸಿಟ್ಟರು. ಅಲ್ಲಿಂದ ಮುಂದೆ ಕೋಟ್ಯಂತರ ಕಿಲೋಮೀಟರ್ ದೂರದ ನಕ್ಷತ್ರದಲ್ಲಿ ಏನಿದೆ ಎಂದು ಹೇಳುವುದು ಸಾಧ್ಯವಾಯಿತು. ಕಾಲ ಕೆಳಗಿನ ನೆಲಕ್ಕೆ ಅದೇ ವಿದ್ಯೆಯನ್ನು ಮೇಲಿನಿಂದ ಅನ್ವಯಿಸಲು ಮಾತ್ರ ಇನ್ನೂ ನೂರಿಪ್ಪತ್ತು ವರ್ಷ ಬೇಕಾದವು. ನಕ್ಷತ್ರ ಒಂದು ಚುಕ್ಕಿ, ರಾತ್ರಿಯಿಡೀ ದೂರದರ್ಶಕದ ಮುಂದೆ ನಿಲ್ಲುತ್ತದೆ. ವಿಮಾನದ ಕೆಳಗಿನ ನೆಲ ಲಕ್ಷಾಂತರ ಚುಕ್ಕಿಗಳ ರಾಶಿ. ಒಂದೊಂದೂ ಕ್ಷಣಾರ್ಧದಲ್ಲಿ ಹಿಂದೆ ಸರಿದುಹೋಗುತ್ತದೆ.

ಮೇಲಿನಿಂದ ಚಿತ್ರ ತೆಗೆಯುವ ಕೆಲಸವಾದರೋ 1858ರಲ್ಲಿ ಪ್ಯಾರಿಸ್ಸಿನ ನಡಾರ್ ಬಲೂನಿನಲ್ಲಿ ಕ್ಯಾಮೆರಾ ಒಯ್ದಾಗಲೇ ಶುರುವಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವಕೆಂಪು ಗ್ರಹಿಸುವ ಬಣ್ಣದ ಫಿಲ್ಮು ಬಂತು. ಹಸಿರು ಬಣ್ಣ ಬಳಿದ ಬಟ್ಟೆಯನ್ನು ನಿಜವಾದ ಎಲೆಯಿಂದ ಬೇರೆ ಮಾಡಿ, ಮರೆಯಲ್ಲಿಟ್ಟ ತೋಪು ಟ್ಯಾಂಕುಗಳನ್ನು ಹಿಡಿಯುವುದು ಅದರ ಉದ್ದೇಶ. ಜೀವಂತ ಎಲೆ ಅವಕೆಂಪನ್ನು ಜೋರಾಗಿ ಪ್ರತಿಫಲಿಸುತ್ತದೆ, ಬಣ್ಣ ಬಳಿದ ಬಟ್ಟೆ ಹಾಗೆ ಮಾಡದು. ಯುದ್ಧ ಮುಗಿದ ಮೇಲೆ ಇದೇ ಫಿಲ್ಮು ಬೆಳೆ ರೋಗ ನೋಡುವವರ ಕೈಗೆ ಬಂತು. ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗವೂ ಅದೇ ಜಾಡಿನದು. ಪಿ. ಆರ್. ಪಿಷಾರಟಿಯವರ ನೇತೃತ್ವದಲ್ಲಿ 1970ರ ಸುಮಾರಿಗೆ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಬೇರು ಸೊರಗು ರೋಗ ತಗುಲಿದ ಮರಗಳನ್ನು ಅವಕೆಂಪು ಫಿಲ್ಮಿನಲ್ಲಿ ಗುರುತಿಸಲಾಯಿತು.

1972ರ ಜುಲೈ 23ರಂದು ಅಮೆರಿಕ ಹಾರಿಸಿದ ಉಪಗ್ರಹ ಮುಂದೆ ಲ್ಯಾಂಡ್‌ಸ್ಯಾಟ್ 1 ಎಂದು ಹೆಸರಾಯಿತು. ಹ್ಯೂಸ್ ಕಂಪನಿಯ ವರ್ಜೀನಿಯಾ ನಾರ್ವುಡ್ ವಿನ್ಯಾಸ ಮಾಡಿದ ಅದರ ಸ್ಕ್ಯಾನರ್ ನಾಲ್ಕು ಪಟ್ಟಿಗಳಲ್ಲಿ ನೆಲವನ್ನು ಅಳೆಯುತ್ತಿತ್ತು. ಬೆಳೆ, ಕಾಡು, ಕೆರೆ, ಊರು ಇವನ್ನು ಬೇರೆ ಮಾಡಲು ನಾಲ್ಕು ಪಟ್ಟಿ ಸಾಕಾಗಿತ್ತು. ಭೂವಿಜ್ಞಾನಿಗಳಿಗೆ ಸಾಲಲಿಲ್ಲ. ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು ತಾಮ್ರ, ಚಿನ್ನ ತಂದಿಟ್ಟ ಕಡೆ ಸುತ್ತಲಿನ ಕಲ್ಲು ಜೇಡಿ ಖನಿಜಗಳಾಗಿ ಬದಲಾಗಿರುತ್ತದೆ. ಆ ಬದಲಾವಣೆಯ ಗುರುತು 2ರಿಂದ 2.5 ಮೈಕ್ರೋಮೀಟರ್ ತರಂಗಾಂತರದ ಅವಕೆಂಪಿನಲ್ಲಿದೆ. ಲ್ಯಾಂಡ್‌ಸ್ಯಾಟ್ 1 ಅಲ್ಲಿಯವರೆಗೆ ನೋಡುತ್ತಲೇ ಇರಲಿಲ್ಲ. ಗ್ರಹಾಂ ಹಂಟ್ ಮತ್ತು ಜಾನ್ ಸಾಲಿಸ್ಬರಿ 1970ರ ದಶಕದಲ್ಲಿ ನೂರಾರು ಖನಿಜಗಳ ಪುಡಿಯನ್ನು ಪ್ರಯೋಗಶಾಲೆಯಲ್ಲಿ ಅಳೆದು, ಯಾವ ಖನಿಜ ಯಾವ ತರಂಗಾಂತರದಲ್ಲಿ ಬೆಳಕನ್ನು ಹೀರುತ್ತದೆ ಎಂದು ಪಟ್ಟಿ ಮಾಡಿದ್ದರು. ಆ ಪಟ್ಟಿಯೇ ಮುಂದಿನ ಎಲ್ಲ ಕೆಲಸಕ್ಕೆ ಬುನಾದಿ.

ಭೂವಿಜ್ಞಾನಿಗಳ ಒತ್ತಾಯಕ್ಕೆ ಮಣಿದು 1982ರ ಲ್ಯಾಂಡ್‌ಸ್ಯಾಟ್ 4ರಲ್ಲಿ 2.08ರಿಂದ 2.35 ಮೈಕ್ರೋಮೀಟರಿನ ಒಂದು ಪಟ್ಟಿಯನ್ನು ಸೇರಿಸಲಾಯಿತು. ಆ ಪಟ್ಟಿಯ ಅಗಲ 270 ನ್ಯಾನೋಮೀಟರ್. ಕಯೊಲಿನೈಟ್ ಎಂಬ ಬಿಳಿ ಜೇಡಿಯ ಗುರುತು 2.2 ಮೈಕ್ರೋಮೀಟರಿನ ಬಳಿ ಇರುವ ಜೋಡಿ ತಗ್ಗು, ಅಲ್ಯುನೈಟ್‌ನ ತಗ್ಗು ಅದಕ್ಕಿಂತ ತುಸು ಈಚೆ, ಸುಣ್ಣಕಲ್ಲಿನದು 2.34ರ ಹತ್ತಿರ. ಇಂಥ ತಗ್ಗುಗಳ ಅಗಲ ಇಪ್ಪತ್ತರಿಂದ ನಲವತ್ತು ನ್ಯಾನೋಮೀಟರ್ ಅಷ್ಟೇ. 270 ನ್ಯಾನೋಮೀಟರಿನ ಪಟ್ಟಿಯಲ್ಲಿ ಇವೆಲ್ಲ ಕರಗಿ ಒಂದೇ ಸಂಖ್ಯೆಯಾಗುತ್ತವೆ: ಅಲ್ಲಿ ಜೇಡಿಯೋ ಸುಣ್ಣವೋ ಏನೋ ಒಂದಿದೆ ಎನ್ನಬಹುದು, ಯಾವುದೆಂದು ಹೇಳಲಾಗದು. ಬಿಡಿಸಿ ನೋಡಬೇಕಾದರೆ ಪಟ್ಟಿಯ ಅಗಲ ಹತ್ತು ನ್ಯಾನೋಮೀಟರಿಗೆ ಇಳಿಯಬೇಕು. ಇಮೇಜಿಂಗ್ ಸ್ಪೆಕ್ಟ್ರೋಮೀಟರುಗಳ ಇತಿಹಾಸದಲ್ಲಿ ಈ ಹತ್ತು ನ್ಯಾನೋಮೀಟರ್ ಮತ್ತೆ ಮತ್ತೆ ಕಾಣುವುದು ಇದೇ ಕಾರಣಕ್ಕೆ.

ಈ ಹಟ ಹಿಡಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ, ಅಂದರೆ ಜೆಪಿಎಲ್‌ನ, ಅಲೆಕ್ಸಾಂಡರ್ ಗೋಟ್ಸ್. ಅವರ ತಂಡ ಮೊದಲು ಹೊತ್ತೊಯ್ಯಬಹುದಾದ ರೋಹಿತಮಾಪಕ ಮಾಡಿಕೊಂಡು ನೆವಾಡ ಮರುಭೂಮಿಯಲ್ಲಿ ಬಂಡೆಗಳನ್ನು ಇದ್ದಲ್ಲೇ ಅಳೆಯಿತು. ಆಮೇಲೆ 1981ರ ನವೆಂಬರಿನಲ್ಲಿ ಕೊಲಂಬಿಯಾ ಷಟಲ್‌ನ ಎರಡನೇ ಯಾನದಲ್ಲಿ ಹತ್ತು ಪಟ್ಟಿಗಳ ರೇಡಿಯೋಮೀಟರ್ ಒಂದನ್ನು ಕಳಿಸಿತು. ಅದು ಚಿತ್ರ ತೆಗೆಯುವ ಉಪಕರಣವಲ್ಲ. ಹಾದಿಯುದ್ದಕ್ಕೂ ಒಂದೊಂದೇ ಚುಕ್ಕಿಯನ್ನು ಅಳೆಯುತ್ತ ಹೋಗುತ್ತಿತ್ತು. ಇಂಧನಕೋಶ ಕೆಟ್ಟು ಐದು ದಿನದ ಯಾನ ಎರಡೇ ದಿನಕ್ಕೆ ಮುಗಿದರೂ ಈಜಿಪ್ಟಿನ ಮರುಭೂಮಿಯ ಮೇಲೆ ಹಾದಾಗ ಕಯೊಲಿನೈಟ್‌ನ ಗುರುತು ಸ್ಪಷ್ಟವಾಗಿ ಸಿಕ್ಕಿತು. ಕಕ್ಷೆಯಿಂದ ಖನಿಜವನ್ನು ನೇರವಾಗಿ ಗುರುತಿಸಿದ್ದು ಅದೇ ಮೊದಲು. ಇನ್ನು ಬೇಕಾಗಿದ್ದದ್ದು ಚಿತ್ರ.

ಆ ಕೆಲಸಕ್ಕೆ ಜೆಪಿಎಲ್ ಕಟ್ಟಿದ ಉಪಕರಣವೇ ಏರ್‌ಬೋರ್ನ್ ಇಮೇಜಿಂಗ್ ಸ್ಪೆಕ್ಟ್ರೋಮೀಟರ್, ಚಿಕ್ಕದಾಗಿ ಎಐಎಸ್. 1982ರ ಕೊನೆಯಲ್ಲಿ ನಾಸಾದ ಸಿ-130 ವಿಮಾನದಲ್ಲಿ ಅದು ಮೊದಲು ಹಾರಿತು. ಅದರ ಎದೆಯಲ್ಲಿದ್ದದ್ದು ಪಾದರಸ, ಕ್ಯಾಡ್ಮಿಯಂ, ಟೆಲ್ಲೂರಿಯಂ ಸೇರಿದ ಸಂವೇದಿ ಫಲಕ. ಅಡ್ಡ 32, ಉದ್ದ 32, ಒಟ್ಟು 1024 ಚುಕ್ಕಿ. ಒಂದು ದಿಕ್ಕಿನ 32 ಚುಕ್ಕಿಗಳು ನೆಲದ 32 ತುಣುಕುಗಳನ್ನು ನೋಡಿದರೆ, ಇನ್ನೊಂದು ದಿಕ್ಕಿನವು ಅವುಗಳ ಬೆಳಕನ್ನು 32 ಪಟ್ಟಿಗಳಲ್ಲಿ ಅಳೆಯುತ್ತಿದ್ದವು. 32 ಪಟ್ಟಿ ಸಾಲದು. ಅದಕ್ಕಾಗಿ ಬೆಳಕು ಬಿಡಿಸುವ ಗ್ರೇಟಿಂಗನ್ನೇ ಚೂರುಚೂರು ತಿರುಗಿಸಿ, ವಿಮಾನ ಒಂದು ಚುಕ್ಕಿಯಷ್ಟು ಮುಂದೆ ಸಾಗುವುದರೊಳಗೆ ನಾಲ್ಕು ಸಲ ಅಳೆದು, 128 ಪಟ್ಟಿ ಮಾಡಿಕೊಳ್ಳುತ್ತಿದ್ದರು. ಉಪಕರಣಕ್ಕೆ ‘ಬಂಡೆ’ ಮತ್ತು ‘ಮರ’ ಎಂಬ ಎರಡು ನೆಲೆಗಳಿದ್ದವು. ಬಂಡೆಯ ನೆಲೆಗೆ ತಿರುಗಿಸಿದರೆ 1.2ರಿಂದ 2.4 ಮೈಕ್ರೋಮೀಟರ್, ಮರದ ನೆಲೆಗೆ ತಿರುಗಿಸಿದರೆ ಅದಕ್ಕಿಂತ ಕಡಿಮೆ ತರಂಗಾಂತರ. ಎರಡನ್ನೂ ಒಟ್ಟಿಗೆ ಕೊಡುವ ಶಕ್ತಿ ಅದಕ್ಕಿರಲಿಲ್ಲ. ಚಿತ್ರದ ಅಗಲ ಬರೀ 32 ಚುಕ್ಕಿ, ಎಂದರೆ ನೆಲದ ಮೇಲೆ ಕೆಲವೇ ನೂರು ಮೀಟರ್. ಬಿಸಿಲಿನ ಮರುಭೂಮಿಯ ಮೇಲೆ ಅಷ್ಟು ಕಿರಿದಾದ ಗೆರೆ ಎಳೆದು, ತಾವು ಎಲ್ಲಿ ಹಾರಿದೆವು ಎಂದು ಆಮೇಲೆ ನಕ್ಷೆಯಲ್ಲಿ ಹುಡುಕಿಕೊಳ್ಳುವುದೇ ಒಂದು ಕೆಲಸವಾಗುತ್ತಿತ್ತು.

ಪರೀಕ್ಷೆಗೆ ಆರಿಸಿಕೊಂಡ ಜಾಗ ನೆವಾಡದ ಕ್ಯುಪ್ರೈಟ್. ಗೋಲ್ಡ್‌ಫೀಲ್ಡ್ ಊರಿನ ದಕ್ಷಿಣಕ್ಕೆ, ಹೆದ್ದಾರಿಯ ಎರಡೂ ಪಕ್ಕ ಹರಡಿರುವ ಬೋಳು ಗುಡ್ಡಗಳು ಅವು. ಹೆಸರಿನಲ್ಲಿ ತಾಮ್ರವಿದ್ದರೂ ಅಲ್ಲಿ ಗಣಿಗಾರಿಕೆ ಹೇಳಿಕೊಳ್ಳುವಂತೆ ಬೆಳೆಯಲಿಲ್ಲ. ಆದರೆ ಬಿಸಿನೀರು ಬದಲಿಸಿದ ಖನಿಜಗಳು ಗಿಡಮರದ ಮರೆಯಿಲ್ಲದೆ ಅಲ್ಲಿ ಬಯಲಲ್ಲಿ ಬಿದ್ದಿವೆ. ಎಐಎಸ್ ಅಲ್ಲಿನ ಕಯೊಲಿನೈಟ್, ಅಲ್ಯುನೈಟ್‌ಗಳನ್ನು ಬೇರೆಬೇರೆಯಾಗಿ ತೋರಿಸಿತು. ಅದು ನಿರೀಕ್ಷಿತವೇ. ನಿರೀಕ್ಷಿಸದ ಸಂಗತಿಯೆಂದರೆ, ಕೆಲವು ಚುಕ್ಕಿಗಳ ರೋಹಿತ ಅಲ್ಲಿ ಇವೆಯೆಂದು ಗೊತ್ತಿದ್ದ ಯಾವ ಖನಿಜಕ್ಕೂ ಹೊಂದಲಿಲ್ಲ. ಹೋಲಿಸಿ ನೋಡಿದಾಗ ಅದು ಬಡಿಂಗ್ಟೊನೈಟ್ ಎಂದು ತಿಳಿಯಿತು. ಅಮೋನಿಯಂ ಸೇರಿದ ಅಪರೂಪದ ಫೆಲ್ಡ್‌ಸ್ಪಾರ್ ಅದು, ಬರಿಗಣ್ಣಿಗೆ ಪಕ್ಕದ ಕಲ್ಲಿನಿಂದ ಬೇರೆಯಾಗಿ ಕಾಣುವುದಿಲ್ಲ. ಕ್ಯುಪ್ರೈಟ್‌ನಲ್ಲಿ ಅದಿದೆ ಎಂದು ಮೊದಲು ಕಂಡದ್ದು ವಿಮಾನದಲ್ಲಿದ್ದ ಉಪಕರಣಕ್ಕೆ, ಮಾದರಿ ತಂದು ಖಚಿತಪಡಿಸಿಕೊಂಡದ್ದು ಆಮೇಲೆ. ಉಪಕರಣದ ಬಗ್ಗೆ ಇದ್ದ ಅನುಮಾನಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿರಲಿಲ್ಲ. ಇವತ್ತಿಗೂ ಹೊಸ ಇಮೇಜಿಂಗ್ ಸ್ಪೆಕ್ಟ್ರೋಮೀಟರುಗಳ ಪರೀಕ್ಷೆಗೆ ಕ್ಯುಪ್ರೈಟ್ ಒಂದು ಮುಖ್ಯ ಜಾಗ.

ಅದೇ ವರ್ಷಗಳಲ್ಲಿ ಕೆನಡಾದಲ್ಲಿ ಬೇರೆಯೇ ಕಾರಣಕ್ಕೆ ಇಂಥದೇ ಉಪಕರಣ ಹುಟ್ಟಿತು. ಅಲ್ಲಿನ ಮೀನುಗಾರಿಕೆ ಇಲಾಖೆಗೆ ಬೇಕಾಗಿದ್ದದ್ದು ಸಮುದ್ರದ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಸಸ್ಯಗಳ ಲೆಕ್ಕ. ಅವುಗಳಲ್ಲಿನ ಪತ್ರಹರಿತ್ತು ಬಿಸಿಲು ಹೀರಿ 685 ನ್ಯಾನೋಮೀಟರಿನ ಬಳಿ ಮಂದವಾದ ಕೆಂಪು ಬೆಳಕನ್ನು ಹೊರಸೂಸುತ್ತದೆ. ಅದನ್ನು ಹಿಡಿಯಲು ಕಟ್ಟಿದ ಫ್ಲೋರೆಸೆನ್ಸ್ ಲೈನ್ ಇಮೇಜರ್ 288 ಪಟ್ಟಿಗಳಲ್ಲಿ ಅಳೆಯಬಲ್ಲದಾಗಿತ್ತು. ಆದರೆ ಅಷ್ಟು ದತ್ತಾಂಶವನ್ನು ಟೇಪಿಗೆ ಇಳಿಸುವ ವೇಗ ಆಗಿನ ಯಂತ್ರಗಳಿಗೆ ಇರಲಿಲ್ಲ. ಎಲ್ಲ ಪಟ್ಟಿ ಬೇಕೆಂದರೆ ಚಿತ್ರ ಬಿಡಬೇಕು, ಪೂರಾ ಚಿತ್ರ ಬೇಕೆಂದರೆ ಎಂಟು ಪಟ್ಟಿಗಳಿಗೆ ತೃಪ್ತಿಪಟ್ಟುಕೊಳ್ಳಬೇಕು. ಈ ಅನುಭವದಿಂದಲೇ ಕ್ಯಾಲ್ಗರಿಯ ಐಟ್ರೆಸ್ ಕಂಪನಿ 1980ರ ದಶಕದ ಕೊನೆಗೆ ಕಾಸಿ ಎಂಬ ಸಣ್ಣ ಉಪಕರಣ ಮಾಡಿ ಮಾರಾಟಕ್ಕಿಟ್ಟಿತು. ಬಾಡಿಗೆಯ ಪುಟ್ಟ ವಿಮಾನದಲ್ಲೂ ಕೂರಿಸಬಹುದಾಗಿದ್ದ ಅದು ಅನೇಕ ದೇಶಗಳ ಕರಾವಳಿ, ಕಾಂಡ್ಲಾ ವನ, ಕಾಡುಗಳ ಮೇಲೆ ಹಾರಿತು.

1985ರಲ್ಲಿ ಗೋಟ್ಸ್, ಗ್ರೆಗ್ ವೇನ್, ಜೆರ್ರಿ ಸಾಲಮನ್ ಮತ್ತು ಬ್ಯಾರೆಟ್ ರಾಕ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ವಿದ್ಯೆಗೆ ಅಧಿಕೃತ ರೂಪ ಕೊಟ್ಟಿತು. ಪಟ್ಟಿಗಳು ಹಲವಾಗಿದ್ದರೆ ಸಾಲದು, ನಡುವೆ ಕಿಂಡಿ ಬಿಡದೆ ಒಂದಕ್ಕೊಂದು ತಾಗಿಕೊಂಡೂ ಇರಬೇಕು. ಆಗ ಮಾತ್ರ ಪ್ರತಿ ಚುಕ್ಕಿಗೂ ಪೂರ್ಣ ರೋಹಿತ ಸಿಗುತ್ತದೆ ಎಂಬುದು ಅದರ ತಿರುಳು. ಹೊತ್ತಿಗೆ ಸರಿಯಾಗಿ ಜೆಪಿಎಲ್‌ನಲ್ಲಿ ದೊಡ್ಡ ಉಪಕರಣವೊಂದು ತಯಾರಾಗುತ್ತಿತ್ತು. ಅದೇ ಅವಿರಿಸ್.

ಅವಿರಿಸ್ ಮೊದಲು ಹಾರಿದ್ದು 1987ರ ಹೊತ್ತಿಗೆ. 0.4ರಿಂದ 2.5 ಮೈಕ್ರೋಮೀಟರ್‌ವರೆಗೆ, ಸೂರ್ಯನ ಬೆಳಕು ನೆಲದಿಂದ ಪ್ರತಿಫಲಿಸುವ ಇಡೀ ವ್ಯಾಪ್ತಿಯನ್ನು ಒಂದೇ ಉಪಕರಣ ಅಳೆದದ್ದು ಅದೇ ಮೊದಲು. ಒಂದೇ ಫಲಕದಲ್ಲಿ ಇದನ್ನು ಸಾಧಿಸುವ ತಂತ್ರ ಆಗ ಇರಲಿಲ್ಲ. ಅದಕ್ಕಾಗಿ ಒಂದೇ ಕನ್ನಡಿಯಿಂದ ಬಂದ ಬೆಳಕನ್ನು ಗಾಜಿನ ಎಳೆಗಳ ಮೂಲಕ ನಾಲ್ಕು ರೋಹಿತಮಾಪಕಗಳಿಗೆ ಹಂಚಿದರು. ಮೊದಲನೆಯದರಲ್ಲಿ 32 ಸಿಲಿಕಾನ್ ಸಂವೇದಿಗಳು. ಉಳಿದ ಮೂರರಲ್ಲಿ ತಲಾ 64 ಇಂಡಿಯಂ ಆಂಟಿಮನೈಡ್ ಸಂವೇದಿಗಳು, ದ್ರವ ಸಾರಜನಕದಲ್ಲಿ ತಣ್ಣಗಿಟ್ಟವು. ಒಟ್ಟು 224. ಪುಸ್ತಕಗಳಲ್ಲಿ ಅವಿರಿಸ್ ಎಂದೊಡನೆ ಬರುವ 224 ಪಟ್ಟಿಗಳ ಲೆಕ್ಕ ಇದೇ. ಕನ್ನಡಿ ಸೆಕೆಂಡಿಗೆ ಹನ್ನೆರಡು ಸಲ ಅಡ್ಡಡ್ಡ ತೂಗಿ, ಒಂದೊಂದು ಸಲಕ್ಕೆ ಆರುನೂರಕ್ಕೂ ಹೆಚ್ಚು ಚುಕ್ಕಿಗಳನ್ನು ಗುಡಿಸಿಕೊಳ್ಳುತ್ತಿತ್ತು.

ಇದನ್ನು ಹೊತ್ತದ್ದು ನಾಸಾದ ಇಆರ್-2 ವಿಮಾನ. ಯು-2 ಬೇಹುಗಾರಿಕೆ ವಿಮಾನದ ತಮ್ಮ ಅದು. ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಒಳಗೆ ಕೂರುವವನು ಒಬ್ಬನೇ ಚಾಲಕ, ಅವನೂ ಅಂತರಿಕ್ಷಯಾತ್ರಿಯ ಹಾಗೆ ಒತ್ತಡದ ಉಡುಪು ತೊಟ್ಟಿರಬೇಕು. ಆ ಎತ್ತರದಿಂದ ಅವಿರಿಸ್‌ನ ಒಂದು ಚುಕ್ಕಿ ನೆಲದ ಮೇಲೆ 20 ಮೀಟರ್, ಚಿತ್ರದ ಅಗಲ 11 ಕಿಲೋಮೀಟರ್. ಉಪಗ್ರಹ ನೋಡುವುದನ್ನೇ ಮುಂಚಿತವಾಗಿ ನೋಡಿ ಅಭ್ಯಾಸವಾಗಲಿ ಎಂಬುದೇ ಇಷ್ಟು ಎತ್ತರದ ಉದ್ದೇಶವಾಗಿತ್ತು. 1998ರಿಂದ ಟ್ವಿನ್ ಆಟರ್ ಎಂಬ ಚಿಕ್ಕ ವಿಮಾನದಲ್ಲೂ ಅದನ್ನು ಕೆಳಗೆ ಹಾರಿಸಿದರು. ಚುಕ್ಕಿ ನಾಲ್ಕು ಮೀಟರಿಗೆ ಇಳಿಯಿತು.

ಹಾರಿಸುವುದಕ್ಕಿಂತ ಕಷ್ಟವಾದದ್ದು ಬಂದ ಅಂಕಿಗಳನ್ನು ನಂಬುವುದು. ಸಂವೇದಿಗೆ ತಲುಪುವ ಬೆಳಕು ನೆಲದ್ದಷ್ಟೇ ಅಲ್ಲ, ನಡುವಿನ ಗಾಳಿಯದೂ ಹೌದು. 1.4 ಮತ್ತು 1.9 ಮೈಕ್ರೋಮೀಟರಿನ ಬಳಿ ಗಾಳಿಯ ನೀರಾವಿ ಬೆಳಕನ್ನು ಪೂರ್ತಿ ನುಂಗಿಬಿಡುತ್ತದೆ. ಅಲ್ಲಿ ನೆಲ ಕಾಣುವುದೇ ಇಲ್ಲ. ಬೊ-ಕಾಯ್ ಗಾವ್ ಮತ್ತು ಸಂಗಡಿಗರು ಇದೇ ತೊಡಕನ್ನು ಉಪಾಯವಾಗಿ ತಿರುಗಿಸಿಕೊಂಡರು. 0.94 ಮತ್ತು 1.14 ಮೈಕ್ರೋಮೀಟರಿನಲ್ಲಿ ನೀರಾವಿ ಭಾಗಶಃ ಮಾತ್ರ ಹೀರುತ್ತದೆ. ಆ ತಗ್ಗು ಎಷ್ಟು ಆಳವಿದೆ ಎಂಬುದರಿಂದ ಪ್ರತಿ ಚುಕ್ಕಿಯ ಮೇಲೆ ಎಷ್ಟು ನೀರಾವಿ ಇದೆಯೆಂದು ಲೆಕ್ಕ ಹಾಕಿ, ಅದರ ಪಾಲನ್ನು ಕಳೆಯುವ ವಿಧಾನ 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಇದರ ಜೊತೆಗೆ ರಾಬರ್ಟ್ ಗ್ರೀನ್ ಅವರ ತಂಡ ಹಾರಾಟದ ಕಾಲದಲ್ಲಿ ರೋಜರ್ಸ್, ಐವನ್‌ಪಾ ಮುಂತಾದ ಒಣಗಿದ ಕೆರೆಗಳ ಸಮತಟ್ಟು ನೆಲಕ್ಕೆ ಹೋಗಿ, ವಿಮಾನ ಮೇಲೆ ಹಾದುಹೋಗುವ ಹೊತ್ತಿಗೇ ಕೆಳಗೆ ನೆಲವನ್ನು ಅಳೆದು ಎರಡನ್ನೂ ತಾಳೆ ನೋಡುವ ಪದ್ಧತಿ ಬೆಳೆಸಿತು. ಈ ಬೇಸರದ ಕೆಲಸವೇ ಅವಿರಿಸ್‌ಗೆ ಮಾನ ತಂದದ್ದು. ಇದಿಲ್ಲದಿದ್ದರೆ ಸಿಗುತ್ತಿದ್ದದ್ದು ಬಣ್ಣಬಣ್ಣದ ಚಿತ್ರ, ಅಳತೆಯಲ್ಲ.

ಅತ್ತ ಉಪಗ್ರಹದ ಕಥೆ ಬೇರೆಯಾಗಿತ್ತು. ಅವಿರಿಸ್‌ನ ಮುಂದಿನ ಹೆಜ್ಜೆ ಎಂದುಕೊಂಡಿದ್ದ ಹಿರಿಸ್ ಎಂಬ ಕಕ್ಷಾ ಉಪಕರಣವನ್ನು ವೆಚ್ಚದ ಕಾರಣಕ್ಕೆ ಕೈಬಿಡಲಾಯಿತು. ಇಂಥದೇ ಉಪಕರಣ ಹೊತ್ತು 1997ರ ಆಗಸ್ಟ್‌ನಲ್ಲಿ ಹಾರಿದ ಲೂಯಿಸ್ ಉಪಗ್ರಹ ಕೆಲವೇ ದಿನಗಳಲ್ಲಿ ಹಿಡಿತ ತಪ್ಪಿ, ಮರುತಿಂಗಳು ನಾಶವಾಯಿತು. ಕೊನೆಗೆ 2000ದ ನವೆಂಬರಿನಲ್ಲಿ ಇಒ-1 ಉಪಗ್ರಹದೊಂದಿಗೆ ಹೈಪೀರಿಯನ್ ಏರಿದರೂ ಅದರ ಚಿತ್ರದ ಅಗಲ ಎಂಟು ಕಿಲೋಮೀಟರಿಗಿಂತ ಕಡಿಮೆ. ಅದರ ಅಳತೆಯ ಗುಣಮಟ್ಟ ಅವಿರಿಸ್‌ಗೆ ಸಮನಾಗಲಿಲ್ಲ. ಹೀಗೆ ಹದಿನೈದು ವರ್ಷ ವಿಮಾನಗಳಿಗೆ ಪ್ರತಿಸ್ಪರ್ಧಿಯೇ ಇರಲಿಲ್ಲ. ಆಸ್ಟ್ರೇಲಿಯಾದ ಹೈಮ್ಯಾಪ್, ಫಿನ್ಲೆಂಡಿನ ಐಸಾ, ಜರ್ಮನಿಯ ರೋಸಿಸ್, ಅಮೆರಿಕ ನೌಕಾಪಡೆಯ ಹೈಡಿಸ್ ಎಲ್ಲ ಈ ಅವಧಿಯವೇ. ಇವುಗಳಲ್ಲಿ ಹೈಮ್ಯಾಪ್ ಗಣಿ ಕಂಪನಿಗಳ ಮೆಚ್ಚಿನದಾಯಿತು. 2007ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಅದನ್ನು ಡಬ್ಲ್ಯುಬಿ-57 ವಿಮಾನದಲ್ಲಿಟ್ಟು ಆಫ್ಘಾನಿಸ್ತಾನದ ಸುಮಾರು 4,38,000 ಚದರ ಕಿಲೋಮೀಟರ್ ನೆಲವನ್ನು ಕೆಲವೇ ವಾರಗಳಲ್ಲಿ ಅಳೆಯಿತು. ಅದು ಆ ದೇಶದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು. ಯುದ್ಧದ ನಡುವೆ ಕಾಲ್ನಡಿಗೆಯಲ್ಲಿ ಆಗದ ಸಮೀಕ್ಷೆ ಅದು.

ಪರಿಸರದ ಕೆಲಸಕ್ಕೆ ಈ ಉಪಕರಣ ಹೇಗೆ ಒದಗಿತು ಎಂಬುದಕ್ಕೆ ಕೊಲರಾಡೊದ ಲೆಡ್‌ವಿಲ್ ಒಳ್ಳೆಯ ನಿದರ್ಶನ. ರಾಕಿ ಪರ್ವತದ ಆ ಊರಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ಬೆಳ್ಳಿ, ಸೀಸ, ಸತುವು ಅಗೆದು, ಉಳಿದ ಕಲ್ಲುಮಣ್ಣನ್ನು ಸುತ್ತಲೂ ಗುಡ್ಡೆ ಹಾಕಿದ್ದರು. ಆ ಗುಡ್ಡೆಗಳಲ್ಲಿನ ಪೈರೈಟ್ ಗಾಳಿ ನೀರು ತಾಗಿ ಆಮ್ಲವಾಗುತ್ತದೆ. ಆಮ್ಲ ಲೋಹಗಳನ್ನು ಕರಗಿಸಿಕೊಂಡು ಅರ್ಕಾನ್ಸಾ ನದಿಯ ಕಡೆ ಹರಿಯುತ್ತದೆ. ನೂರಾರು ಗುಡ್ಡೆಗಳಲ್ಲಿ ಎಲ್ಲವೂ ಅಪಾಯದವಲ್ಲ. ಯಾವುದು ಎಂದು ತಿಳಿಯಲು ಒಂದೊಂದರಿಂದಲೂ ಮಾದರಿ ತಂದು ಪರೀಕ್ಷಿಸಬೇಕಿತ್ತು. 1995ರಲ್ಲಿ ಅವಿರಿಸ್ ಆ ಪ್ರದೇಶದ ಮೇಲೆ ಹಾರಿತು. ಪೈರೈಟ್ ಕೊಳೆಯುವಾಗ ಆಮ್ಲ ಹೆಚ್ಚಿರುವ ಒಳಗಡೆ ಜಾರೊಸೈಟ್ ಎಂಬ ಹಳದಿ ಖನಿಜ, ಅದು ತಗ್ಗಿದ ಹೊರಗಡೆ ಗೋಥೈಟ್ ಎಂಬ ಕಂದು ಖನಿಜ ಉಂಟಾಗುತ್ತವೆ. ಕಣ್ಣಿಗೆ ಎರಡೂ ತುಕ್ಕಿನ ಬಣ್ಣ. ರೋಹಿತದಲ್ಲಿ ಬೇರೆ ಬೇರೆ. ಡೆನ್ವರ್‌ನ ರೋಜರ್ ಕ್ಲಾರ್ಕ್, ಗ್ರೆಗ್ ಸ್ವೇಜಿ ಮತ್ತಿತರರು ಮಾಡಿದ ನಕ್ಷೆಯಲ್ಲಿ ಜಾರೊಸೈಟ್ ಇರುವ ಗುಡ್ಡೆಗಳು ಬೇರೆಯಾಗಿ ನಿಂತವು. ಶುದ್ಧೀಕರಣ ಅಲ್ಲಿಂದ ಶುರುವಾಯಿತು. ಎರಡು ವರ್ಷ ಸಮಯವೂ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಹಣವೂ ಉಳಿಯಿತೆಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಅಂದಾಜು ಮಾಡಿತು. ಅದಿರು ಹುಡುಕಲು ಕಟ್ಟಿದ ಉಪಕರಣ ಅದಿರು ಅಗೆದವರು ಬಿಟ್ಟುಹೋದ ಕಸ ಹುಡುಕಲು ಒದಗಿದ್ದು ಇತಿಹಾಸದ ಒಂದು ತಮಾಷೆ.

2001ರ ಸೆಪ್ಟೆಂಬರ್ 11ರ ದಾಳಿಯ ಐದು ದಿನಗಳ ಬಳಿಕ ಅದೇ ಉಪಕರಣ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಮೇಲೆ ಹಾರಿತು. ಕುಸಿದ ಗೋಪುರಗಳ ಧೂಳಿನಲ್ಲಿ ಕಲ್ನಾರು ಎಷ್ಟಿದೆ, ಎಲ್ಲಿದೆ ಎಂಬುದು ಪ್ರಶ್ನೆ. ಭೂವೈಜ್ಞಾನಿಕ ಸಮೀಕ್ಷೆಯವರು ಬೀದಿಗಿಳಿದು ಮೂವತ್ತೈದು ಕಡೆ ಧೂಳು ಸಂಗ್ರಹಿಸಿದರು. ಮೇಲಿನ ಚಿತ್ರ ಮತ್ತು ಕೆಳಗಿನ ಮಾದರಿ ಎರಡನ್ನೂ ಹೋಲಿಸಿ ಕ್ರೈಸೊಟೈಲ್ ಕಲ್ನಾರಿನ ಗುರುತುಗಳನ್ನು ಹುಡುಕಿದರು. ಇದರ ಜೊತೆ ಇನ್ನೊಂದು ಸಂಗತಿ ಸಿಕ್ಕಿತು. ಅವಶೇಷಗಳ ರಾಶಿಯಲ್ಲಿ ಉರಿಯುತ್ತಿದ್ದ ಕಾವಿನ ತಾಣಗಳು ಅವಕೆಂಪಿನಲ್ಲಿ ಎದ್ದು ಕಂಡವು; ಸೆಪ್ಟೆಂಬರ್ 16ರ ಚಿತ್ರದಲ್ಲಿ ಅಂಥವು ಮೂವತ್ತಾರಕ್ಕೂ ಹೆಚ್ಚು, 23ರ ಹೊತ್ತಿಗೆ ಬಹುಪಾಲು ಆರಿದ್ದವು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಬಾವಿ ಸೋರಿದಾಗಲೂ ಅವಿರಿಸ್ ಹಾರಿತು. ದಿನಕ್ಕೆ 5,000 ಬ್ಯಾರೆಲ್ ಸೋರಿಕೆ ಎಂದು ಆಗ ಅಧಿಕೃತವಾಗಿ ಹೇಳಲಾಗುತ್ತಿತ್ತು. ನೀರಿನ ಮೇಲಿನ ಎಣ್ಣೆಪದರದ ದಪ್ಪವನ್ನು ರೋಹಿತದಿಂದ ಲೆಕ್ಕ ಹಾಕಿದ್ದೂ ಸೇರಿ ಮೇ ಕೊನೆಯಲ್ಲಿ ಬಂದ ಅಂದಾಜು 12,000ದಿಂದ 19,000 ಬ್ಯಾರೆಲ್. ನಿಜವಾದ ಸೋರಿಕೆ ಅದಕ್ಕಿಂತಲೂ ಬಹಳ ಹೆಚ್ಚೆಂದು ಆಮೇಲೆ ಗೊತ್ತಾಯಿತು. ಆದರೂ 5,000ದ ಮಾತು ಅಲ್ಲಿಗೆ ಮುಗಿಯಿತು.

ಕಾಡಿನ ಅಧ್ಯಯನ ನಿಧಾನವಾಗಿ ಬೆಳೆಯಿತು. ಎಲೆಯ ರಸಾಯನ ಖನಿಜದಷ್ಟು ನೇರವಾಗಿ ಕಾಣುವುದಿಲ್ಲ. ಹಸಿ ಎಲೆಯಲ್ಲಿ ನೀರಿನ ಗುರುತು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಆದರೂ 1988ರಲ್ಲೇ ಕ್ಯಾರೊಲ್ ವೆಸ್‌ಮನ್, ಜಾನ್ ಏಬರ್ ಮತ್ತು ಸಂಗಡಿಗರು ವಿಸ್ಕಾನ್ಸಿನ್‌ನ ಕಾಡಿನ ಮೇಲೆ ಎಐಎಸ್ ತೆಗೆದ ದತ್ತಾಂಶದಿಂದ ಮರದ ತಲೆಯಲ್ಲಿನ ಲಿಗ್ನಿನ್ ಪ್ರಮಾಣವನ್ನು ಅಂದಾಜು ಮಾಡಿ, ಅದರಿಂದ ಮಣ್ಣಿನಲ್ಲಿ ಸಾರಜನಕ ಎಷ್ಟು ಬೇಗ ಬಿಡುಗಡೆಯಾಗುತ್ತದೆ ಎಂದು ತೋರಿಸಿದ್ದರು. ಮುಂದೆ ಗ್ರೆಗ್ ಆಸ್ನರ್ ರೋಹಿತಮಾಪಕವನ್ನೂ ಲೇಸರ್ ಅಳತೆಯನ್ನೂ ಒಂದೇ ವಿಮಾನದಲ್ಲಿ ಕೂಡಿಸಿದರು. 2012ರಿಂದ 2015ರ ಬರದಲ್ಲಿ ಕ್ಯಾಲಿಫೋರ್ನಿಯಾದ ಐದು ಕೋಟಿ ಎಂಬತ್ತು ಲಕ್ಷದಷ್ಟು ದೊಡ್ಡ ಮರಗಳು ಅಪಾಯಕಾರಿ ಮಟ್ಟದಲ್ಲಿ ನೀರು ಕಳೆದುಕೊಂಡಿದ್ದವೆಂಬ ಲೆಕ್ಕ ಅವರ ತಂಡದ್ದು. ಆ ಮರಗಳಲ್ಲಿ ಅನೇಕವು ನೆಲದಿಂದ ನೋಡಿದವರಿಗೆ ಇನ್ನೂ ಹಸಿರಾಗಿಯೇ ಕಾಣುತ್ತಿದ್ದವು.

ಇತ್ತೀಚಿನ ದೊಡ್ಡ ತಿರುವು ಮೀಥೇನ್. ಬಣ್ಣವಿಲ್ಲದ ಈ ಅನಿಲ 2.3 ಮೈಕ್ರೋಮೀಟರಿನ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ. ಖನಿಜ ನೋಡುವವರಿಗೆ ಅದು ಕಳೆಯಬೇಕಾದ ಕಿರಿಕಿರಿ. ಹವಾಮಾನ ನೋಡುವವರಿಗೆ ಅದೇ ಬೇಕು. 2012ರ ಹೊತ್ತಿಗೆ ಸಿದ್ಧವಾದ ಹೊಸ ತಲೆಮಾರಿನ ಅವಿರಿಸ್-ಎನ್‌ಜಿ ಪಟ್ಟಿಯ ಅಗಲವನ್ನು ಐದು ನ್ಯಾನೋಮೀಟರಿಗೆ ಇಳಿಸಿತು. ತೂಗುವ ಕನ್ನಡಿಯ ಗೊಡವೆಯಿಲ್ಲದೆ ಇಡೀ ಅಡ್ಡಸಾಲನ್ನು ಒಂದೇ ಸಲ ಅಳೆಯತೊಡಗಿತು. ಅಮೆರಿಕದ ನಾಲ್ಕು ರಾಜ್ಯಗಳು ಕೂಡುವ ಫೋರ್ ಕಾರ್ನರ್ಸ್ ಪ್ರದೇಶದ ಮೇಲೆ ಮೀಥೇನ್ ದಟ್ಟವಾಗಿರುವುದನ್ನು ಉಪಗ್ರಹ ತೋರಿಸಿತ್ತು, ಎಲ್ಲಿಂದ ಎಂದು ಹೇಳಲಾರದಾಗಿತ್ತು. 2015ರ ಏಪ್ರಿಲ್‌ನಲ್ಲಿ ವಿಮಾನಗಳು ಅಲ್ಲಿ ಹಾರಿ 250ಕ್ಕೂ ಹೆಚ್ಚು ಸೋರಿಕೆಗಳನ್ನು ಒಂದೊಂದಾಗಿ ಪತ್ತೆಮಾಡಿದವು: ಇಂಥ ಬಾವಿ, ಇಂಥ ಟ್ಯಾಂಕು, ಇಂಥ ಕೊಳವೆಮಾರ್ಗ. ಅವುಗಳಲ್ಲಿ ಹತ್ತರಲ್ಲೊಂದು ಪಾಲು ಮೂಲಗಳೇ ಒಟ್ಟು ಸೋರಿಕೆಯ ಅರ್ಧಕ್ಕೆ ಕಾರಣವಾಗಿದ್ದವು. ಕ್ಯಾಲಿಫೋರ್ನಿಯಾದಾದ್ಯಂತ ನಡೆದ ಸಮೀಕ್ಷೆಯಲ್ಲೂ ಇಂಥದೇ ಚಿತ್ರ ಬಂತು. ದೊಡ್ಡ ಮೂಲಗಳನ್ನು ಮೊದಲು ಹಿಡಿದರೆ ಸೋರಿಕೆಯ ದೊಡ್ಡ ಪಾಲು ತಗ್ಗುತ್ತದೆ ಎಂದು ಈ ಅಂಕಿಗಳು ತೋರಿಸಿದವು.

ಭಾರತದ ನಂಟು ಚಂದ್ರನ ದಾರಿಯಿಂದಲೂ ಬಂತು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಇಸ್ರೋದ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾದ ಜೊತೆಗೆ ಜೆಪಿಎಲ್ ಕಟ್ಟಿದ ಮೂನ್ ಮಿನರಾಲಜಿ ಮ್ಯಾಪರ್ ಕೂಡ ಇತ್ತು. ಅವಿರಿಸ್ ಮನೆತನದ್ದೇ ಅದು, ನೌಕೆಗೆ ಜೋಡಣೆಯಾದದ್ದು ಬೆಂಗಳೂರಿನಲ್ಲಿ. ಚಂದ್ರನ ನೆಲದಲ್ಲಿ ನೀರಿನ ಅಂಶದ ಗುರುತು ಕಂಡದ್ದು ಅದಕ್ಕೆ. ಆ ಸಹಕಾರದ ಮುಂದುವರಿಕೆಯಾಗಿ 2015ರ ಡಿಸೆಂಬರಿನಿಂದ 2016ರ ಮಾರ್ಚ್‌ವರೆಗೆ ಅವಿರಿಸ್-ಎನ್‌ಜಿ ಭಾರತದ ಮೇಲೆ ಹಾರಿತು. ಹೊತ್ತದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಬಿ-200 ವಿಮಾನ. ವಿಜ್ಞಾನದ ಕೆಲಸದ ಮುಂದಾಳತ್ವ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರಿನದು. ಒಟ್ಟು 57 ತಾಣಗಳು. ಒಡಿಶಾದ ಚಿಲಿಕಾ ಸರೋವರ, ಬಂಡೀಪುರಕ್ಕೆ ತಾಗಿದ ಮುದುಮಲೈ ಕಾಡು, ಗುಜರಾತಿನ ಅಂಬಾಜಿ, ರಾಜಸ್ಥಾನದ ಜಹಾಜ್‌ಪುರ ಅವುಗಳಲ್ಲಿ ಕೆಲವು. 2018ರಲ್ಲಿ ಎರಡನೇ ಹಂತದ ಹಾರಾಟ ನಡೆಯಿತು.

ಕರ್ನಾಟಕದಲ್ಲಿ ಹಾರಿದ ಜಾಗಗಳಲ್ಲಿ ರಾಯಚೂರು ಜಿಲ್ಲೆಯ ಹಟ್ಟಿ ಒಂದು. ಹಟ್ಟಿ-ಮಸ್ಕಿಯ ಹಸಿರು ಶಿಲಾಪಟ್ಟಿಯಲ್ಲಿ ಬಹಳ ಪ್ರಾಚೀನ ಕಾಲದಿಂದ ಚಿನ್ನ ತೆಗೆದ ಗುರುತುಗಳಿವೆ, ಇವತ್ತಿಗೂ ಗಣಿ ನಡೆಯುತ್ತಿದೆ. ರೋಹಿತಮಾಪಕಕ್ಕೆ ಚಿನ್ನ ಕಾಣುವುದಿಲ್ಲ. ಚಿನ್ನ ತಂದ ಬಿಸಿನೀರು ಬದಲಿಸಿದ ಕಲ್ಲಿನ ಖನಿಜಗಳು ಕಾಣುತ್ತವೆ. 2020ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳು ಇವುಗಳ ನಕ್ಷೆಯನ್ನೂ ಶಿಲೆಗಳ ನಕ್ಷೆಯನ್ನೂ ಕೊಟ್ಟವು. ನೆವಾಡದಷ್ಟು ಸಲೀಸಾದ ಕೆಲಸವಲ್ಲ ಇದು. ಪ್ರತಿಫಲಿತ ಬೆಳಕು ಹೇಳುವುದು ಮೇಲ್ಮೈಯ ಕಥೆಯನ್ನಷ್ಟೇ. ಎರೆಮಣ್ಣು ಹೊದ್ದ ಕಡೆ, ತೊಗರಿ ಹತ್ತಿ ನಿಂತ ಹೊಲದಲ್ಲಿ ಕೆಳಗಿನ ಬಂಡೆ ಏನೆಂದು ಅದು ಹೇಳಲಾರದು. ಬಂಡೆ ತಲೆಯೆತ್ತಿದ ಕಡೆ ಸಿಕ್ಕ ಉತ್ತರಗಳನ್ನು ಕೂಡಿಸಿಕೊಂಡು ಓದಬೇಕಾಗುತ್ತದೆ.

ಉಪಗ್ರಹಗಳು ಕೊನೆಗೂ ಬಂದಿವೆ. 2018ರ ನವೆಂಬರಿನಲ್ಲಿ ಇಸ್ರೋದ ಹೈಸಿಸ್, 2019ರಲ್ಲಿ ಇಟಲಿಯ ಪ್ರಿಸ್ಮಾ, 2022ರಲ್ಲಿ ಜರ್ಮನಿಯ ಎನ್‌ಮ್ಯಾಪ್, ಅದೇ ವರ್ಷ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಜೆಪಿಎಲ್‌ನ ಎಮಿಟ್. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಫೈರ್‌ಫ್ಲೈ ಉಪಗ್ರಹಗಳಲ್ಲಿ ಮೊದಲ ಮೂರನ್ನು ಕಕ್ಷೆಗೆ ಸೇರಿಸಿತು. ಇವುಗಳಲ್ಲಿ ಹೆಚ್ಚಿನವುಗಳ ಒಂದು ಚುಕ್ಕಿ ಮೂವತ್ತು ಮೀಟರ್ ಅಥವಾ ಅದಕ್ಕೂ ಹೆಚ್ಚು. ವಿಮಾನದ್ದು ನಾಲ್ಕೈದು ಮೀಟರ್, ಬೇಕೆಂದರೆ ಇನ್ನೂ ಕಡಿಮೆ. ಗಣಿಯ ಒಂದು ಕಸದ ಗುಡ್ಡೆ, ಒಂದು ಸೋರುವ ಕೊಳವೆ, ಒಂದು ಮರದ ತಲೆ ನೋಡುವುದಕ್ಕೆ ಈಗಲೂ ವಿಮಾನವೇ ಬೇಕು. ಉಪಗ್ರಹದ ಬಲ ಬೇರೆ: ಅದು ಮತ್ತೆ ಮತ್ತೆ ಬರುತ್ತದೆ. ಭಾರತದಲ್ಲಿ ನಡೆದ ಎರಡು ಹಂತದ ಹಾರಾಟಗಳ ಕೊರತೆಯೂ ಅಲ್ಲಿಯೇ ಇದೆ. ಒಂದೆರಡು ಸಲದ ಅಳತೆ ಆ ದಿನದ ಚಿಲಿಕಾವನ್ನು, ಆ ದಿನದ ಮುದುಮಲೈಯನ್ನು ತೋರಿಸುತ್ತದೆ. ಕೆರೆ ಕೆಡುತ್ತಿದೆಯೇ, ಕಾಡು ಒಣಗುತ್ತಿದೆಯೇ ಎಂದು ಹೇಳಲು ಅದೇ ಜಾಗದ ಮೇಲೆ ಮತ್ತೆ ಹಾರಬೇಕು. 2016 ಮತ್ತು 2018ರ ದತ್ತಾಂಶ ಅಂಥ ಹೋಲಿಕೆಗೆ ಮೊದಲ ಕಂತಾಗಿ ಇದೆ.